ಗಿರಾಕಿಯ ಸ್ಮೃತಿಯೂ ನ್ಯಾಯಾಲಯದ ದೃಷ್ಟಿಯೂ

ವ್ಯಾಪಾರ ಚಿಹ್ನೆಯ ವ್ಯಾಜ್ಯಗಳಲ್ಲಿ ತೀರ್ಪು ಒಬ್ಬ ಕಲ್ಪಿತ ವ್ಯಕ್ತಿಯನ್ನು ಅವಲಂಬಿಸುತ್ತದೆ. ಆತನೇ ಸಾಮಾನ್ಯ ಗಿರಾಕಿ. ಆತನು ಭ್ರಮೆಗೊಳ್ಳುವನೇ ಎಂಬುದೇ ಮುಖ್ಯ ಪ್ರಶ್ನೆ. ಆದರೆ ಆತನ ಪರವಾಗಿ ಉತ್ತರಿಸುವವರು ನ್ಯಾಯಾಧೀಶರು. ಈ ಕಲ್ಪಿತ ಗಿರಾಕಿ ನಮ್ಮ ಸಂತೆಯ ಗಿರಾಕಿಯನ್ನು ಎಷ್ಟರಮಟ್ಟಿಗೆ ಹೋಲುತ್ತಾನೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಎಂಬ ಔಷಧಗಳ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಮಹತ್ತ್ವದ ತತ್ತ್ವವೊಂದನ್ನು ಪ್ರತಿಪಾದಿಸಿತು. ಕೊಳ್ಳುವವರಲ್ಲಿ ಹಳ್ಳಿಗರೂ ಪಟ್ಟಣಿಗರೂ, ಅಕ್ಷರಸ್ಥರೂ ನಿರಕ್ಷರರೂ ಇರುವರು. ಅವರು ಪದವನ್ನು ಬಿಡಿಸಿ ಅರ್ಥವನ್ನು ಅರಸದೆ, ಒಟ್ಟು ರೂಪ ಮತ್ತು ಧ್ವನಿಗಳ ಮಸುಕು ನೆನಪಿನಿಂದಲೇ ನಡೆಯುವರು ಎಂಬುದು ಅದರ ಸಾರ.

ಇದೇ ತತ್ತ್ವವು 1972ರಲ್ಲಿ ಪಾರ್ಲೆ ಸಂಸ್ಥೆಗೂ ಮೈಸೂರಿನ ಜೆ.ಪಿ. ಅಂಡ್ ಕಂಪನಿಗೂ ನಡೆದ ಬಿಸ್ಕತ್ತಿನ ವ್ಯಾಜ್ಯದಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಒಂದು ಹೊದಿಕೆಯ ಮೇಲೆ ಕೊಡವನ್ನು ಹೊತ್ತ ಹುಡುಗಿ. ಇನ್ನೊಂದರ ಮೇಲೆ ಹುಲ್ಲಿನ ಹೊರೆ ಹೊತ್ತವಳು. ಎರಡರಲ್ಲಿಯೂ ಸುತ್ತಲೂ ಹಸು, ಕೋಳಿಗಳು. ಮೈಸೂರು ಉಚ್ಚ ನ್ಯಾಯಾಲಯಕ್ಕೆ ವ್ಯತ್ಯಾಸಗಳು ಪ್ರಧಾನವಾಗಿ ಕಂಡವು. ಸರ್ವೋಚ್ಚ ನ್ಯಾಯಾಲಯವಾದರೋ, ಇಂದು ಒಂದನ್ನು ನೋಡಿದವನು ಮತ್ತೊಂದು ದಿನ ಇನ್ನೊಂದನ್ನು ಅದೇ ಎಂದು ತಿಳಿಯಬಹುದೆಂದು ಹೇಳಿ ಆ ತೀರ್ಪನ್ನು ತಳ್ಳಿಹಾಕಿತು. ಸಾಮಾನ್ಯ ಗಿರಾಕಿಗೆ ಶೆರ್ಲಾಕ್ ಹೋಮ್ಸನ ದೃಷ್ಟಿಯಿರುವುದಿಲ್ಲವೆಂಬುದು ಆ ತೀರ್ಪಿನಲ್ಲಿಯ ಮಾತೇ.

ಈ ಹಿನ್ನೆಲೆಯಲ್ಲಿ 2018ರ ‘ನಂದಿನಿ’ ಪ್ರಕರಣವು ಪರಿಶೀಲನಾರ್ಹವಾಗಿದೆ. ಕರ್ನಾಟಕ ಹಾಲು ಮಹಾಮಂಡಳವು 1985ರಿಂದಲೂ, ‘ನಂದಿನಿ ಡಿಲಕ್ಸ್’ ಉಪಾಹಾರ ಗೃಹಗಳು 1989ರಿಂದಲೂ ಆ ಹೆಸರನ್ನು ಬಳಸಿದ್ದವು. ಸರ್ವೋಚ್ಚ ನ್ಯಾಯಾಲಯವು ಎರಡರ ಲಾಂಛನಗಳ ಭಿನ್ನತೆಯನ್ನೂ ಸರಕುಗಳ ಭಿನ್ನತೆಯನ್ನೂ ಎತ್ತಿ ಹೇಳಿ ಉಪಾಹಾರ ಗೃಹದ ಪರವಾಗಿ ತೀರ್ಪಿತ್ತಿತು. ನಿರ್ಣಯವು ಸಾಧುವೇ ಆಗಿದೆ. ಆದರೆ ಲಾಂಛನಗಳ ವಾದವು ದುರ್ಬಲವೆನ್ನಬೇಕಾಗುತ್ತದೆ. ಬಾಯಿಂದ ಹೆಸರು ಹೇಳಿ ಕೊಳ್ಳುವವನಿಗೆ ಚಿತ್ರದ ಭೇದವು ನೆರವಾಗದು. ಹಾಲಿನ ಅಂಗಡಿಗೆ ಹೋಗುವುದು ಬೇರೆ, ಊಟಕ್ಕೆ ಕೂಡುವುದು ಬೇರೆ. ಕೊಳ್ಳುವ ಈ ಸನ್ನಿವೇಶವೇ ತೀರ್ಪಿನ ನಿಜವಾದ ಆಧಾರ.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಇನ್ನೂ ಜಟಿಲವಾಗಿದೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇಲ್ಲಿ ಸಂಶಯವು ತಯಾರಿಸಿದವನನ್ನು ಕುರಿತದ್ದಲ್ಲ, ಬೆಳೆದ ನೆಲವನ್ನು ಕುರಿತದ್ದು. ಬಿಡಿಯಾಗಿ ಮಾರುವ ಕಾಯಿಗೆ ಹೊದಿಕೆಯಿಲ್ಲ. ಮಾರುವವನ ಮಾತೇ ಅದರ ಗುರುತು. ಪರಸ್ಥಳದ ಕಾಯಿಯನ್ನು ಇಂಡಿಯದೆಂದು ಕೂಗಿ ಮಾರಿದರೆ ನಷ್ಟವು ಗಿರಾಕಿಗೂ ಒಕ್ಕಲಿಗನಿಗೂ ಸಮಾನ. ಶಾಸನವು ಇದನ್ನು ಮರೆತಿಲ್ಲ. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದಂತೆ ಪದವನ್ನು ಉಚ್ಚರಿಸುವುದರಿಂದಲೂ ಉಲ್ಲಂಘನೆ ಸಂಭವಿಸುತ್ತದೆ. ಅದೇ ವರ್ಷದ ಭೌಗೋಳಿಕ ಸೂಚಕಗಳ ಅಧಿನಿಯಮವೂ ಯಾವುದೇ ವಿಧಾನದಿಂದ ಮೂಲಸ್ಥಳದ ಬಗೆಗೆ ಭ್ರಮೆ ಹುಟ್ಟಿಸುವುದನ್ನು ನಿಷೇಧಿಸುತ್ತದೆ. ಆದರೆ ಆಡಿದ ಮಾತಿಗೆ ದಾಖಲೆ ಉಳಿಯುವುದಿಲ್ಲ.

ಇತಿಹಾಸದ ಅಭ್ಯಾಸಿಯು ಆಧಾರವಿಲ್ಲದ ಸಾಕ್ಷಿಯನ್ನು ಒಪ್ಪಲಾರನು. ಗಿರಾಕಿಯ ಮನಸ್ಸನ್ನು ಊಹಿಸುವ ಬದಲು ಮಾರುಕಟ್ಟೆಯ ನಡಾವಳಿಯನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದು ಅವಶ್ಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸಂತೆಗಳಲ್ಲಿ ಜನರು ಸರಕನ್ನು ಯಾವ ಹೆಸರಿನಿಂದ ಕೇಳುವರು, ಯಾವ ಗುರುತಿನಿಂದ ನಂಬುವರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಬರೆದಿಡುವುದಾದರೆ, ಮುಂದೆ ನ್ಯಾಯಾಲಯಕ್ಕೂ ಅದು ಉಪಯುಕ್ತವಾದೀತು.