ಕಾಲುಗುರಿಗೆ ತಾಗಿದ ಕಳಶ: ಶರಣರಲ್ಲಿ ಶಂಕೆ ಮತ್ತು ಶೋಧ

ಹರಿಹರನ ಪ್ರಭುದೇವರ ರಗಳೆಯಲ್ಲಿ ಅಲ್ಲಮ ನಮಗೆ ಮೊದಲು ಕಾಣಿಸುವುದು ಪ್ರೇಮಿಯಾಗಿ. ಮದ್ದಳೆ ಬಾರಿಸುವ ಹುಡುಗ ಕಾಮಲತೆಯನ್ನು ಮೆಚ್ಚಿ ಕೈಹಿಡಿಯುತ್ತಾನೆ. ಅವಳು ಜ್ವರ ಬಂದು ತೀರಿಕೊಂಡ ಮೇಲೆ ಮರುಳನಂತೆ ಅಲೆಯುತ್ತಾನೆ. ಒಂದು ದಿನ ಊರಾಚೆಯ ತೋಪಿನಲ್ಲಿ ತಲೆ ತಗ್ಗಿಸಿ ಕೂತು ಸುಮ್ಮನೆ ಕಾಲುಗುರಿನಿಂದ ನೆಲ ಕೆರೆಯುತ್ತಿರುವಾಗ, ಮಣ್ಣಿನಲ್ಲಿ ಹೂತುಹೋದ ಗುಡಿಯೊಂದರ ಹೊನ್ನ ಕಳಶ ಕಣ್ಣಿಗೆ ಬೀಳುತ್ತದೆ. ನೆಲ ಅಗೆಸುತ್ತಾನೆ. ಮುಚ್ಚಿದ ಬಾಗಿಲು ಸಿಗುತ್ತದೆ, ಒದ್ದು ತೆರೆಯುತ್ತಾನೆ. ಒಳಗೆ ಅನಿಮಿಷನೆಂಬ ಯೋಗಿ ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದಾನೆ.

ನೆಲ ಕೆರೆಯುವುದು ದಿಕ್ಕು ತೋಚದವರ ಲಕ್ಷಣ. ಅಗೆಯುವುದು ಏನೋ ಇದೆ ಎಂದು ಅನ್ನಿಸಿದವರ ಕೆಲಸ. ಎರಡಕ್ಕೂ ಒಂದೇ ಜಾಗ, ಒಂದೇ ಮಣ್ಣು. ತನ್ನ ಬಗ್ಗೆಯೇ ನಂಬಿಕೆ ಕಳೆದುಕೊಂಡ ಮನುಷ್ಯ ಎಲ್ಲಿ ಕುಸಿದು ಕೂತಿದ್ದನೋ ಅಲ್ಲಿಂದಲೇ ಶೋಧ ಶುರುವಾಯಿತು ಎಂಬುದು ಹರಿಹರ ಕಂಡ ಸತ್ಯ. 12ನೆಯ ಶತಮಾನದ ವಚನ ಪರಂಪರೆಯನ್ನು ನಾನು ಈ ಕಣ್ಣಿನಿಂದಲೇ ಓದಲು ಬಯಸುತ್ತೇನೆ. ಭಕ್ತಿ, ಸಮಾನತೆ, ಕಾಯಕ ಎಂಬ ಮಾತುಗಳಲ್ಲಿ ನಾವು ಈ ಪರಂಪರೆಯನ್ನು ಬೇಕಾದಷ್ಟು ಹೊಗಳಿದ್ದೇವೆ. ಆದರೆ ಒಳಗಿನ ಅಳುಕನ್ನು ಅದು ಏನು ಮಾಡಿತು ಎಂದು ಕೇಳಿದ್ದು ಕಡಿಮೆ. ನನಗೆ ಕಾಣುವಂತೆ ಶರಣರು ಅಳುಕಿಗೆ ಸಮಾಧಾನ ಹೇಳಲಿಲ್ಲ, ಅದನ್ನು ಅದುಮಿ ಹಾಕಲೂ ಇಲ್ಲ. ಅಳುಕನ್ನು ಪ್ರಶ್ನೆಯಾಗಿ ತಿರುಗಿಸಿ, ಆ ಪ್ರಶ್ನೆಯನ್ನು ನಾಲ್ಕು ಜನರ ನಡುವೆ ತಂದಿಟ್ಟರು.

ಬಸವಣ್ಣನನ್ನೇ ನೋಡೋಣ. ದೊರೆ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ, ಕಲ್ಯಾಣದಲ್ಲಿ ಅಧಿಕಾರದ ಎತ್ತರಕ್ಕೆ ಏರಿದ ಮನುಷ್ಯ. ಅಂಥವನ ವಚನಗಳಲ್ಲಿ ತನ್ನ ಮನಸ್ಸಿನ ಚಂಚಲತೆ, ಭಕ್ತಿಯೊಳಗಿನ ಬೂಟಾಟಿಕೆ, ಮಾತಿಗೂ ನಡತೆಗೂ ಇರುವ ಬಿರುಕು ಮತ್ತೆ ಮತ್ತೆ ಬರುತ್ತವೆ. ಇವುಗಳನ್ನು ಆತ್ಮನಿಂದೆ ಎಂದು ಕರೆದರೆ ಅರ್ಧ ಮಾತ್ರ ಹೇಳಿದಂತೆ. ಆತ್ಮನಿಂದೆಗೆ ಒಂದೇ ತೀರ್ಪು: ನಾನು ಕೀಳು. ಹಾಗೆ ಹೇಳಿಕೊಂಡ ಮನಸ್ಸಿಗೆ ಮುಂದೆ ನೋಡುವ ಕೆಲಸ ಉಳಿಯುವುದಿಲ್ಲ. ಬಸವಣ್ಣ ನೋಡುವುದನ್ನು ಬಿಡುವುದಿಲ್ಲ. ಮನಸ್ಸು ಎತ್ತ ಹರಿಯಿತು, ಯಾವ ಆಸೆಗೆ ಸೋತಿತು, ಯಾವ ಗಳಿಗೆಯಲ್ಲಿ ಮರೆಯಿತು ಎಂದು ಹೋಲಿಕೆಯ ಮೇಲೆ ಹೋಲಿಕೆ ತಂದು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಹೊಲ, ಮನೆ, ಸಂತೆ, ಪ್ರಾಣಿ ಪಕ್ಷಿಗಳೆಲ್ಲ ಅಲ್ಲಿಗೆ ಬರುತ್ತವೆ. ಇಷ್ಟು ಸೂಕ್ಷ್ಮವಾಗಿ ನೋಡುವವನಲ್ಲಿ ನೋವಿನ ಜೊತೆಗೆ ಕುತೂಹಲವೂ ಇದ್ದೇ ಇರಬೇಕು.

ಮಾತು ಯಾರ ಕಡೆಗೆ ತಿರುಗಿದೆ ಎಂಬುದೂ ಮುಖ್ಯ. ವಚನದ ಕೊನೆಗೆ ಅಂಕಿತ ಬರುತ್ತದೆ: ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ. ಅದು ಬರೆದವರ ಸಹಿ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಮಾತನ್ನು ಕೇಳಿಸಿಕೊಳ್ಳುವವನ ಹೆಸರೂ ಹೌದು. ತನಗೆ ತಾನೇ ಗೊಣಗಿಕೊಂಡ ಅಳುಕು ಒಳಗೊಳಗೇ ಕೊಳೆಯುತ್ತದೆ. ಇನ್ನೊಬ್ಬರ ಎದುರು ಹೇಳಿದ ಅಳುಕಿಗೆ ಆಕಾರ ಬೇಕಾಗುತ್ತದೆ, ಉತ್ತರವೂ ಬೇಕಾಗುತ್ತದೆ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ನೋಡುವ ಸಾಧನೆಯಲ್ಲಿಯೂ ಇದೇ ತಿಳಿವಳಿಕೆ ಇದೆ. ದೂರದ ಗರ್ಭಗುಡಿಯಲ್ಲಿ ಇದ್ದದ್ದು ಕಣ್ಣಳತೆಗೆ ಬಂದಿತು. ನೋಡುವವರು, ನೋಡಿಸಿಕೊಳ್ಳುವುದು, ನೋಟ ಈ ಮೂರೂ ಒಂದು ಅಂಗೈಯ ಅಗಲದಲ್ಲಿ ಕೂಡಿದವು.

ಸೋತವರಿಗೆ ತಮ್ಮ ಮೇಲೆ ಶಂಕೆ ಬರುವುದು ಸಹಜ. ಗೆದ್ದವರಿಗೆ ಅದನ್ನು ತಂದುಕೊಟ್ಟದ್ದು ಈ ಪರಂಪರೆಯ ಹಿರಿಮೆ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದವನು, ಗುಡಿ ಎತ್ತಿಸಿದವನು, ಊರೇ ಕೈಮುಗಿಯುತ್ತಿದ್ದ ಯೋಗಿ. ಅಲ್ಲಮ ಅಲ್ಲಿಗೆ ಹೋಗಿ, ಕೆರೆಯ ಕೆಲಸದವರ ಎದುರಿಗೇ ಅವನನ್ನು ಒಡ್ಡನೆಂದು ಕರೆದು ಕೆಣಕುತ್ತಾನೆ. ಕೆಲಸದವರು ಕಲ್ಲು ಬೀರುತ್ತಾರೆ. ಕೋಪಗೊಂಡು ಬಂದ ಸಿದ್ಧರಾಮ ಕಡೆಗೆ ತನ್ನನ್ನೇ ಕೇಳಿಕೊಳ್ಳುವಂತಾಗುತ್ತದೆ: ಇಷ್ಟೆಲ್ಲ ಕಟ್ಟಿಸಿದ ಈ ನಾನು ಯಾರು? ಅಲ್ಲಿಂದ ಅವನ ದಾರಿ ಕಲ್ಯಾಣದತ್ತ ತಿರುಗಿ, ಚೆನ್ನಬಸವಣ್ಣನಿಂದ ದೀಕ್ಷೆ ಪಡೆಯುವಲ್ಲಿಗೆ ಮುಟ್ಟುತ್ತದೆ. ಕೆರೆ ಕಟ್ಟಿಸಿದ್ದು ವ್ಯರ್ಥ ಎಂದು ಈ ಕಥೆಯಿಂದ ತಿಳಿಯಬೇಕಾಗಿಲ್ಲ. ಸೊನ್ನಲಿಗೆ ಎಂದರೆ ಈಗಿನ ಸೊಲ್ಲಾಪುರ; ಅಲ್ಲಿ ಸಿದ್ಧೇಶ್ವರ ಗುಡಿಯ ಸುತ್ತ ಇಂದಿಗೂ ನೀರು ನಿಂತಿದೆ. ಕಟ್ಟಿದ ಕೈ ತನ್ನ ಕೆಲಸದ ಹಿಂದೆ ಬಚ್ಚಿಟ್ಟುಕೊಳ್ಳಬಾರದು ಎಂಬುದಷ್ಟೇ ಅಲ್ಲಮನ ಹಟ.

ಮುಕ್ತಾಯಕ್ಕನ ಪ್ರಸಂಗ ಇದಕ್ಕಿಂತಲೂ ಆಳವಾದದ್ದು. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣ ಇಲ್ಲವಾಗಿದ್ದಾನೆ. ಅವಳು ದುಃಖದಲ್ಲಿ ಮುಳುಗಿರುವಾಗ ಅಲ್ಲಮ ಬರುತ್ತಾನೆ. ಅರಿತವರಿಗೆ ಸಾವೆಲ್ಲಿಯದು, ಅಳುವೆಲ್ಲಿಯದು ಎಂಬ ದಾರಿಯಲ್ಲಿ ಅವನ ಮಾತು ಸಾಗುತ್ತದೆ. ಮುಕ್ತಾಯಕ್ಕ ತಲೆಬಾಗಿ ಒಪ್ಪಿಬಿಡುವುದಿಲ್ಲ. ನಿನ್ನೊಳಗೆ ಎಲ್ಲ ನೆಲೆಗೊಂಡಿದ್ದರೆ ಇಷ್ಟೊಂದು ಮಾತೇಕೆ ಎಂದು ಅವನನ್ನೇ ಕಟ್ಟಿಹಾಕುತ್ತಾಳೆ. ದುಃಖದಲ್ಲಿರುವ ಹೆಣ್ಣೊಬ್ಬಳು, ಕಾಲಿಗೆ ಬೀಳಬೇಕಾದ ಜ್ಞಾನಿಯ ಎದುರು ನಿಂತು, ಮಾತು ಮತ್ತು ಮೌನದ ಸಂಬಂಧವನ್ನೇ ಎತ್ತುತ್ತಾಳೆ. ಗುರುವನ್ನು ಕಳೆದುಕೊಂಡು ದಾರಿ ಕಾಣದೆ ಕೂತವಳ ಶಂಕೆ ಅರಿವಿನ ಸ್ವರೂಪವನ್ನೇ ವಿಚಾರಿಸುವ ಎತ್ತರಕ್ಕೆ ಏರಿದ ಗಳಿಗೆ ಇದು. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಸಂವಾದವನ್ನು ನಾನು ಓದಿಲ್ಲ.

ಹಾಗೆಂದು ಈ ಪರಂಪರೆಯನ್ನು ಬರಿಯ ಮೆಚ್ಚುಗೆಯಿಂದ ಓದಿ ಮುಗಿಸಲಾಗದು. ಅದರೊಳಗೇ ಶಂಕೆಯನ್ನು ತೊಳೆದು ಒಣಗಿಸುವ ಒಂದು ಒಲವೂ ಬೆಳೆಯಿತು. ಹರಿಹರನ ಅಲ್ಲಮ ಪ್ರೀತಿಸಿ, ಕಳೆದುಕೊಂಡು, ಅತ್ತವನು. 15ನೆಯ ಶತಮಾನದಲ್ಲಿ ಚಾಮರಸ ಬರೆದ ಪ್ರಭುಲಿಂಗಲೀಲೆಯಲ್ಲಿ ಅಲ್ಲಮನನ್ನು ಒಲಿಸಿಕೊಳ್ಳಲು ಮಾಯೆಯೇ ಬಂದು ಸೋಲುತ್ತಾಳೆ. ಅಲ್ಲಿ ಅಲ್ಲಮನಿಗೆ ಅಂಟು ಇಲ್ಲ, ಅಳುಕು ಇಲ್ಲ. ಕಾವ್ಯವಾಗಿ ಅದು ದೊಡ್ಡದೇ. ಆದರೆ ಎಂದೂ ಸಂಶಯಪಡದವನು ಸಂಶಯಪಡುವವರಿಗೆ ದಾರಿ ತೋರಬಲ್ಲನೇ? ಗುಡಿಯ ಬಾಗಿಲು ಮೊದಲೇ ತೆರೆದಿದ್ದರೆ ಕಾಲುಗುರಿಗೆ ಕೆಲಸವೇನು?

ವಚನಗಳನ್ನು ಷಟ್‍ಸ್ಥಲದ ಕ್ರಮದಲ್ಲಿ ಜೋಡಿಸಿದ್ದರಿಂದಲೂ ಇಂಥದೇ ಪರಿಣಾಮವಾಯಿತು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಮೆಟ್ಟಿಲುಗಳಲ್ಲಿ ಬಸವಣ್ಣನ ಕಳವಳದ ವಚನಗಳು ಹೆಚ್ಚಾಗಿ ಮೊದಲ ಮೆಟ್ಟಿಲಾದ ಭಕ್ತಸ್ಥಲಕ್ಕೆ ಸೇರಿದವು. ಓದುವವರಿಗೆ ಅನ್ನಿಸುವುದೇನು? ಶಂಕೆ ಎಳೆಯರ ಲಕ್ಷಣ, ಬಲಿತ ಮೇಲೆ ಅದು ಉದುರಿ ಹೋಗುತ್ತದೆ. ಆದರೆ ಆ ವಚನಗಳನ್ನು ಅವನು ಮೊದಲೇ ಹೇಳಿದನೆಂಬುದಕ್ಕೆ ಯಾವ ಆಧಾರವೂ ಇಲ್ಲ. ಕಲ್ಯಾಣದ ಕಡೆಯ ದಿನಗಳಲ್ಲಿ, ಎಲ್ಲವೂ ಕೈಜಾರುತ್ತಿದ್ದಾಗ, ಅವು ಹುಟ್ಟಿರಲೂಬಹುದು. ಮೆಟ್ಟಿಲುಗಳ ಏರ್ಪಾಟು ಸಾಧಕರಿಗೆ ನೆರವಾಗಿದೆ, ಅದನ್ನು ಅಲ್ಲಗಳೆಯಲಾರೆ. ಅದು ಪ್ರಶ್ನೆಯನ್ನು ಹಿಂದೆ ಬಿಟ್ಟುಬಂದ ಊರಾಗಿಸಿತು ಎಂಬುದು ನನ್ನ ಆಕ್ಷೇಪ.

ಶೂನ್ಯಸಂಪಾದನೆಯ ಮಾತು ಬೇರೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದವಾಗಿ ಹೆಣೆದದ್ದು ಮಹತ್ವದ ಕೆಲಸ. ಗೂಳೂರು ಸಿದ್ಧವೀರಣಾರ್ಯನವರೆಗೆ ಅದನ್ನು ಮತ್ತೆ ಮತ್ತೆ ಪರಿಷ್ಕರಿಸಲಾಯಿತು. ಶರಣರು ಕೂಡಿ ಚರ್ಚಿಸುತ್ತಿದ್ದರೆನ್ನುವ ಅನುಭವ ಮಂಟಪವೆಂಬ ಕಟ್ಟಡ ಇತ್ತೇ ಎಂದು ಚರಿತ್ರಕಾರರು ಚರ್ಚಿಸುತ್ತಲೇ ಇರಲಿ. ಅರಿವು ಹುಟ್ಟುವುದು ಎದುರುಬದುರು ಕೂತಾಗ ಎಂಬ ನಂಬಿಕೆಯನ್ನು ಈ ಕೃತಿ ಕಟ್ಟಿ ನಿಲ್ಲಿಸಿದೆ. ಆದರೂ ಇಲ್ಲಿ ತಕ್ಕಡಿ ಮತ್ತೆ ಮತ್ತೆ ಅಲ್ಲಮನ ಕಡೆಗೇ ವಾಲುತ್ತದೆ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅವಳ ಗಂಡ ಯಾರೆಂದೂ, ಬಟ್ಟೆ ತೊರೆದ ಮೇಲೆ ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆಂದೂ ಅಲ್ಲಮ ಕೇಳುತ್ತಾನೆ. ಇಂಥ ಪ್ರಶ್ನೆಯನ್ನು ಗಂಡಸಾದ ಯಾವ ಶರಣನೂ ಎದುರಿಸಬೇಕಾಗಲಿಲ್ಲ. ಅಕ್ಕನ ಉತ್ತರಗಳು ಪ್ರಶ್ನೆಗಳಿಗಿಂತ ಎತ್ತರದಲ್ಲಿ ನಿಲ್ಲುತ್ತವೆ ನಿಜ. ಆದರೆ ಅಲ್ಲಿ ನಡೆದದ್ದು ಪರೀಕ್ಷೆ. ಪರೀಕ್ಷೆಗೂ ಕುತೂಹಲಕ್ಕೂ ಇರುವ ಅಂತರವನ್ನು ಓದುಗರು ಮರೆಯಬಾರದು.

ಇನ್ನೊಂದು ಅಂತರವನ್ನು ಶರಣರೇ ತೋರಿಸಿಕೊಟ್ಟರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನಂಥವರ ಎದೆಯಲ್ಲಿ ಅಳುಕು ಇದ್ದಿದ್ದರೆ ಅದು ಊರು ಬಿತ್ತಿದ್ದು. ನೀನು ಕೀಳು ಎಂದು ತಲೆಮಾರುಗಳಿಂದ ಹೇಳುತ್ತ ಬಂದ ವ್ಯವಸ್ಥೆ ಹಾಕಿದ ಹೊರೆ ಅದು. ಅದನ್ನು ಹೊತ್ತವರಿಗೆ ಒಳಗೆ ನೋಡಿಕೋ ಎನ್ನುವುದು ಅನ್ಯಾಯ. ಬಸವಣ್ಣ ಹಾಗೆ ಹೇಳಲಿಲ್ಲ. ಬ್ರಾಹ್ಮಣನಾಗಿ ಹುಟ್ಟಿದವನು ಅವರ ಮನೆಯ ಮಗನೆಂದು ತನ್ನನ್ನು ಕರೆದುಕೊಂಡು ಕುಲದ ಅಭಿಮಾನವನ್ನೇ ಶಂಕೆಗೆ ಒಡ್ಡಿದ. ಸಮಗಾರ ಹರಳಯ್ಯ ಮತ್ತು ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆಯ ಕಥೆ, ಅದಕ್ಕಾಗಿ ಆ ತಂದೆಯರು ತೆತ್ತ ಬೆಲೆಯ ಕಥೆ ಇಂದಿಗೂ ಜನರ ನೆನಪಿನಲ್ಲಿ ಉಳಿದಿದೆ. ಯಾವ ಅಳುಕನ್ನು ಒಳಗೆ ಹುಡುಕಬೇಕು, ಯಾವುದನ್ನು ಹೊರಗೆ ಎದುರಿಸಬೇಕು ಎಂಬ ವಿವೇಕ ಇಲ್ಲದ ಅಧ್ಯಾತ್ಮ ನೊಂದವರನ್ನೇ ದೂರುತ್ತದೆ.

ಈ ಮಾತನ್ನು ಇಂದು ಒತ್ತಿ ಹೇಳಬೇಕಾಗಿದೆ. 1923ರಲ್ಲಿ ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದಾಗ ತಾಳೆಗರಿಗಳಲ್ಲಿ ಅಡಗಿದ್ದ ದನಿಗಳು ಅಚ್ಚಿಗೆ ಬಂದವು. ವಿಜಯಪುರದ ಆ ವಕೀಲರು ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯ 15 ಸಂಪುಟಗಳಾಗಿ ಬಂದಿತು. ಹೀಗೆ ಕೈಗೆ ಬಂದ ವಚನಗಳನ್ನು ನಾವು ಏನು ಮಾಡುತ್ತಿದ್ದೇವೆ? ಕ್ಯಾಲೆಂಡರಿನ ಮೇಲೆ, ಮೊಬೈಲಿನ ಬೆಳಗಿನ ಸಂದೇಶದಲ್ಲಿ, ಆತ್ಮವಿಶ್ವಾಸ ಹೆಚ್ಚಿಸುವ ಭಾಷಣಗಳಲ್ಲಿ ಒಂದೊಂದು ಸಾಲು ಕಿತ್ತು ಅಂಟಿಸುತ್ತಿದ್ದೇವೆ. ತನ್ನನ್ನೇ ಪ್ರಶ್ನಿಸಿಕೊಳ್ಳುವ ಮಾತು ಎದುರಿನವರಿಗೆ ಬುದ್ಧಿ ಹೇಳುವ ಮಾತಾಗಿದೆ. ಬಸವಣ್ಣ ತನ್ನೆಡೆಗೆ ತೋರಿಸಿಕೊಂಡ ಬೆರಳನ್ನು ನಾವು ಹೊರಗೆ ತಿರುಗಿಸಿದ್ದೇವೆ. ಪರೀಕ್ಷೆ, ಸಂಬಳ, ಹೋಲಿಕೆಗಳ ನಡುವೆ ತಮ್ಮ ಮೇಲೆಯೇ ನಂಬಿಕೆ ಕಳೆದುಕೊಂಡ ಯುವಕ ಯುವತಿಯರಿಗೆ ಧೈರ್ಯದ ಘೋಷಣೆಗಳು ಒಂದು ಸಂಜೆಗಾದರೆ ಹೆಚ್ಚು. ಅವರಿಗೆ ಬೇಕಾದದ್ದು ಅಳುಕನ್ನು ಹೇಳಿಕೊಳ್ಳುವ ಭಾಷೆ, ಕೇಳಿಸಿಕೊಳ್ಳುವ ಒಬ್ಬರು. ವಚನ ಎರಡನ್ನೂ ಕೊಡಬಲ್ಲದು, ನಾವು ಅದನ್ನು ಪ್ರಶ್ನೆಯಾಗಿ ಓದಿದರೆ.

ತನ್ನನ್ನು ತಾನು ಅರಸುವ ಈ ದಾರಿಗೂ ಒಂದು ಅಪಾಯವಿದೆ, ಅದನ್ನು ಕಂಡವಳು ಆಯ್ದಕ್ಕಿ ಲಕ್ಕಮ್ಮ. ಅವಳ ಗಂಡ ಮಾರಯ್ಯನ ಕಾಯಕ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದಾಗ ಅವಳು ಅದನ್ನು ಹಿಂದಿರುಗಿಸಿ ಬರಲು ಹೇಳುತ್ತಾಳೆ. ಇನ್ನೊಂದು ದಿನ ಮಾರಯ್ಯ ಅಲ್ಲಮನ ಜೊತೆ ಅರಿವಿನ ಚರ್ಚೆಯಲ್ಲಿ ಮುಳುಗಿ ಹೊತ್ತು ಹೋದದ್ದನ್ನೇ ಮರೆಯುತ್ತಾನೆ. ಲಕ್ಕಮ್ಮ ಅಲ್ಲಿಗೇ ಬಂದು ಕೆಲಸ ನಿಂತಿದೆ ಎಂದು ನೆನಪಿಸುತ್ತಾಳೆ. ಚರ್ಚಿಸುತ್ತಿದ್ದ ವಿಷಯವೂ ಕಾಯಕವೇ ಆಗಿತ್ತು. ಅಳುಕಿನಲ್ಲಿ ಮುಳುಗುವಂತೆಯೇ ಶೋಧದಲ್ಲಿಯೂ ಮುಳುಗಿ ಕಳೆದುಹೋಗಬಹುದು. ತನ್ನ ಬಗ್ಗೆ ಯೋಚಿಸುವುದು ಹಿತವಾಗಿಬಿಟ್ಟರೆ ಅದೂ ಒಂದು ಮರವೆ. ಮಾರಯ್ಯ ಎದ್ದು ಹೋಗುತ್ತಾನೆ. ಅಂಗಳದಲ್ಲಿ ಬಾಗಿ ಮಣ್ಣಿನಿಂದ ಅಕ್ಕಿಕಾಳನ್ನು ಆಯುವಾಗ ಅವನೊಳಗಿನ ಪ್ರಶ್ನೆ ಮುಗಿದಿರುವುದಿಲ್ಲ. ಅದು ಬೆರಳ ತುದಿಗೆ ಇಳಿದಿರುತ್ತದೆ: ಇಂದಿಗೆ ಎಷ್ಟು ಕಾಳು ಸಾಕು?