ವೈನಿ ಒರೆಸಿಟ್ಟ ರೆಕಾರ್ಡುಗಳು

ಅಣ್ಣ ತೀರಿಕೊಂಡದ್ದು ೨೦೨೨ರ ಮಳೆಗಾಲದಲ್ಲಿ. ಹದಿನಾಲ್ಕನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಮ್ಮ ವೈನಿ, ಅಂದರೆ ಅತ್ತಿಗೆ, ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಬೀಗದಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು. ನಡುಮನೆಯ ಗಾಜಿನ ಕಪಾಟಿನದು. "ಇದನ್ನೇನ ಮಾಡೋದು ನೀನs ಹೇಳು" ಎಂದರು.

ಆ ಕಪಾಟಿನಲ್ಲಿ ಮುನ್ನೂರರ ಸಮೀಪ ಗ್ರಾಮಫೋನ್ ರೆಕಾರ್ಡುಗಳಿದ್ದವು. ಅಣ್ಣ ಮುಂಬಯಿಯಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದಾಗ ಊರಿಗೆ ಹಣ ಕಳಿಸಿ, ಖಾನಾವಳಿಗೆ ಕೊಟ್ಟು, ಉಳಿದ ದುಡ್ಡಿನಲ್ಲಿ ಕೊಂಡು ಕೂಡಿಸಿದವು. ಕೆಲವು ಹೊಸವು, ಹೆಚ್ಚಿನವು ಚೋರ್ ಬಜಾರಿನ ಹಳೆಯ ಮಾಲು. ಧಾರವಾಡಕ್ಕೆ ಬಂದು ನೆಲೆಸಿದ ಮೇಲೂ ಅವನ ನಿಯಮ ಒಂದೇ. ಯಾರೂ ಮುಟ್ಟಬಾರದು, ಗೆರೆ ಬೀಳುತ್ತದೆ. ರಾತ್ರಿ ಊಟವಾದ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಕೇಳುತ್ತಿದ್ದ. ಶುಕ್ರವಾರಕ್ಕೊಮ್ಮೆ ಹಳೆಯ ಪಂಚೆಯ ತುಂಡಿನಿಂದ ಕವರುಗಳ ದೂಳು ಒರೆಸುವ ಕೆಲಸ ಮಾತ್ರ ವೈನಿಯದು. ಮೂವತ್ತೈದು ವರ್ಷ ಒರೆಸಿದರು. ಯಾವ ಕವರಿನ ಮೂಲೆ ಹರಿದಿದೆ, ಯಾವುದಕ್ಕೆ ಒಮ್ಮೆ ಗೆದ್ದಲು ಹತ್ತಿತ್ತು ಎಂಬುದು ಅವರಿಗೆ ಬಾಯಿಪಾಠ. ಒಳಗೇನಿದೆ ಎಂದು ಕೇಳಿದರೆ "ನನಗೇನ ಗೊತ್ತs" ಎನ್ನುತ್ತಿದ್ದರು.

ನಾನು ಸಂಗೀತ ವಿಮರ್ಶಕಿಯಲ್ಲ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಆದರೆ ಆ ಕಪಾಟು ತೆರೆದ ನಂತರದ ಕೆಲವು ತಿಂಗಳು ನಾವಿಬ್ಬರು ಹೆಂಗಸರು ಕುಳಿತು ಕೇಳಿದ್ದರ ಬಗ್ಗೆ ನನಗೆ ಅನ್ನಿಸಿದ್ದನ್ನು ಹೇಳಲೇಬೇಕು. ತಜ್ಞರು ತಪ್ಪು ಹಿಡಿದರೆ ಹಿಡಿಯಲಿ.

ಧಾರವಾಡದ ಮನೆ ಎಂದ ಮೇಲೆ ಕಪಾಟಿನಲ್ಲಿ ಮನ್ಸೂರರು, ರಾಜಗುರುಗಳು, ಭೀಮಸೇನ ಜೋಶಿಯವರು ತುಂಬಿರುತ್ತಾರೆಂದು ನಾನು ತಿಳಿದಿದ್ದೆ. ಇದ್ದದ್ದೇ ಬೇರೆ. ವ್ಯಾನ್ ಶಿಪ್ಲಿಯವರ ಎಲೆಕ್ಟ್ರಿಕ್ ಗಿಟಾರ್, ಎನೋಕ್ ಡೇನಿಯಲ್ಸರ ಅಕಾರ್ಡಿಯನ್, ಸುನಿಲ್ ಗಂಗೂಲಿಯವರ ಹವಾಯಿಯನ್ ಗಿಟಾರ್. ಎಲ್ಲವೂ ಹಾಡುವ ದನಿಯಿಲ್ಲದ ಸಿನಿಮಾ ಧಾಟಿಗಳು. ನೀವೂ ಕೇಳಿರುತ್ತೀರಿ, ಗುರುತಿಟ್ಟುಕೊಂಡಿರಲಿಕ್ಕಿಲ್ಲ. ರೇಡಿಯೋದಲ್ಲಿ ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ಮೊದಲು, ಮದುವೆಯ ಮಂಟಪದಲ್ಲಿ ಎಲೆ ಹಾಕುವ ಗದ್ದಲದಲ್ಲಿ ಇಂಥದೇ ಏನೋ ಒಂದು ಹರಿಯುತ್ತಿತ್ತು. ಅಮೆರಿಕದಲ್ಲಿ ಇಂಥ ಸಂಗೀತಕ್ಕೆ ಲೌಂಜ್ ಎಂಬ ಹೆಸರು ಬಿದ್ದಿದೆ. ಹೊಟೇಲಿನ ಕೂರುವ ಕೋಣೆಯಲ್ಲಿ, ಮನೆಯ ಪಡಸಾಲೆಯಲ್ಲಿ, ಮಾತಿಗೆ ಅಡ್ಡಿಯಾಗದಂತೆ ಹಿಂದೆ ಇರಬೇಕಾದ ಸಂಗೀತ. ಕೇಳುವುದಕ್ಕಲ್ಲ, ಇರುವುದಕ್ಕೆ. ಹಾಗೆ ನೋಡಿದರೆ ನಮ್ಮ ಮನೆಗಳಲ್ಲಿ ಹೆಂಗಸರ ಕೆಲಸವೂ ಅಂಥದೇ. ನಡೆಯುತ್ತಿರುವಾಗ ಯಾರಿಗೂ ಕಾಣುವುದಿಲ್ಲ.

ಪ್ಲೇಯರಿನ ಬೆಲ್ಟು ಸಡಿಲವಾಗಿತ್ತು. ಅಣ್ಣನ ಮಗ ಪುಣೆಯಿಂದ ಹೊಸ ಬೆಲ್ಟು, ಹೊಸ ಮುಳ್ಳು ತಂದು ಹಾಕಿಕೊಟ್ಟ. ಮೊದಲ ದಿನ ಕವರಿನ ಬಣ್ಣಕ್ಕೆ ಮರುಳಾಗಿ ತೆಗೆದದ್ದು ಮಾರ್ಟಿನ್ ಡೆನ್ನಿ ಎಂಬ ಅಮೆರಿಕದ ಪಿಯಾನೋ ವಾದಕರ 'ಎಕ್ಸಾಟಿಕಾ'. ೧೯೫೭ರಲ್ಲಿ ಬಂದದ್ದು. ಡೆನ್ನಿಯವರ ತಂಡ ಹೊನಲುಲುವಿನ ಒಂದು ಹೊಟೇಲಿನ ಬಯಲು ಬಾರಿನಲ್ಲಿ ನುಡಿಸುತ್ತಿತ್ತಂತೆ. ಪಕ್ಕದ ಕೊಳದಲ್ಲಿ ಕಪ್ಪೆಗಳು ವಟಗುಟ್ಟುತ್ತಿದ್ದವು. ಅದಕ್ಕೆ ಉತ್ತರವೆಂಬಂತೆ ವಾದ್ಯದವರು ತಮಾಷೆಗೆ ಹಕ್ಕಿಗಳ ಕೂಗು ಹಾಕಿದರು. ಜನಕ್ಕೆ ಅದೇ ಬೇಕಾಯಿತು. ಸ್ಟೀರಿಯೋ ರೆಕಾರ್ಡುಗಳು ಮಾರುಕಟ್ಟೆಗೆ ಬಂದ ಕಾಲವೂ ಅದೇ. ಹೊಸ ಯಂತ್ರ ಕೊಂಡವರಿಗೆ ಎಡಗಡೆ ಒಂದು ಹಕ್ಕಿ, ಬಲಗಡೆ ಒಂದು ಹಕ್ಕಿ ಕೂಗಿದರೆ ಹಣ ಸಾರ್ಥಕ.

ಕೇಳಲು ಚೆನ್ನಾಗಿಯೇ ಇದೆ. ವೈಬ್ರಾಫೋನಿನ ನಾದ ತಂಪಾಗಿ ಹರಡುತ್ತದೆ. ಆದರೆ ಎರಡನೆಯ ಸಲ ಕೇಳುವಾಗ ಏನೋ ಒಂದು ಬೇಸರ ಹುಟ್ಟಿತು. ಇದು ಯಾವ ದ್ವೀಪ, ಯಾವ ಕಾಡು, ಅಲ್ಲಿ ಯಾರಿದ್ದಾರೆ? ಯಾರೂ ಇಲ್ಲ. ಸಂಜೆ ದಣಿದು ಬಂದು ಕುರ್ಚಿಯಲ್ಲಿ ಕೂತವನಿಗಾಗಿ ಕಟ್ಟಿದ 'ಪೂರ್ವ' ಇದು. ಕಾಗದದ ಹೂವಿನ ಹಾಗೆ ಬಣ್ಣವಿದೆ, ಬಾಡುವುದೂ ಇಲ್ಲ. ಕವರಿನ ಮೇಲೆ ಬಿದಿರಿನ ಪರದೆಯ ಹಿಂದಿನಿಂದ ಇಣುಕುವ ಹೆಣ್ಣು. ಡೆನ್ನಿಯವರ ಎಷ್ಟೋ ರೆಕಾರ್ಡುಗಳ ಮೇಲೆ ಇದೇ ಹೆಣ್ಣು, ಸ್ಯಾಂಡಿ ವಾರ್ನರ್ ಎಂಬ ರೂಪದರ್ಶಿ. ವೈನಿ ಕವರನ್ನು ತಿರುಗಿಸಿ ನೋಡುತ್ತ ಅಂದರು, "ಚಿತ್ರ ಎಲ್ಲಾ ಹೆಣ್ಣಮಕ್ಕಳದು, ಹೆಸರು ಎಲ್ಲಾ ಗಂಡಸರದು." ಮೂವತ್ತೈದು ವರ್ಷ ಕವರು ಒರೆಸಿದವರ ವಿಮರ್ಶೆ ಅದು. ನಾನು ಅದಕ್ಕಿಂತ ಹೆಚ್ಚು ಹೇಳಲಾರೆ.

ಇನ್ನೊಂದು ರೆಕಾರ್ಡನ್ನು ನಾನು ಕವರು ನೋಡಿದ ಕೂಡಲೇ ಗುರುತಿಸಿದೆ. ೧೯೮೩ರ ದೀಪಾವಳಿಗೆ ಅಣ್ಣ ಅದನ್ನು ಊರಿಗೆ ತಂದಿದ್ದ. ನನಗಾಗ ಹದಿಮೂರು ವರ್ಷ. ಭೈರವಿ, ಯಮನ್, ಮಾಲಕಂಸ ಎಂದು ಬರೆದದ್ದನ್ನು ನೋಡಿ ಅಪ್ಪ ಪಂಚೆ ಸರಿಮಾಡಿಕೊಂಡು ಭಕ್ತಿಯಿಂದ ಕುಳಿತರು. ಮುಳ್ಳು ಇಟ್ಟದ್ದೇ ತಡ, ದಡದಡ ಎಂದು ಒಂದೇ ಸಮನೆ ಯಂತ್ರದ ತಾಳ. ಅಡಿಗೆಮನೆಯಿಂದ ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು, "ಇದೇನೋ, ಗಿರಣಿ ತಂದು ಕೂಡ್ರಿಸಿಯಲ್ಲೋ!" ಎಂದಳು. ಎಲ್ಲರೂ ನಕ್ಕೆವು. ಅಣ್ಣ ಮಾತಾಡದೆ ರೆಕಾರ್ಡನ್ನು ಕವರಿಗೆ ಸೇರಿಸಿದ. ಆಮೇಲೆ ಅವನು ಮನೆಯವರ ಮುಂದೆ ಯಾವ ರೆಕಾರ್ಡನ್ನೂ ಹಾಕಲಿಲ್ಲ. ಹೆಡ್‌ಫೋನ್ ಬಂದದ್ದು ಆ ನಗೆಯಿಂದಲೇ ಇರಬಹುದೇನೋ ಎಂದು ಈಗ ಅನ್ನಿಸುತ್ತದೆ.

ಅದು ಮುಂಬಯಿಯ ಚರಣಜೀತ್ ಸಿಂಗ್ ಅವರ ರೆಕಾರ್ಡು, ಡಿಸ್ಕೋ ತಾಳಕ್ಕೆ ಹತ್ತು ರಾಗಗಳು. ೧೯೮೨ರಲ್ಲಿ ಹೊರಬಂತು. ಸಿಂಗ್ ಸಿನಿಮಾ ಸಂಗೀತದ ತಂಡಗಳಲ್ಲಿ ನುಡಿಸುತ್ತಿದ್ದ ವಾದಕರು. ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಅವರು ಈ ಕೆಲಸಕ್ಕೆ ಜೋಡಿಸಿಕೊಂಡರು. ತಾಳಕ್ಕೆ ಟಿ.ಆರ್. ೮೦೮, ಕೆಳಸ್ವರಗಳಿಗೆ ಟಿ.ಬಿ. ೩೦೩, ರಾಗ ನುಡಿಸಲು ಜುಪಿಟರ್ ೮ ಎಂಬ ಸಿಂಥೆಸೈಜರ್. ರೆಕಾರ್ಡು ಮಾರಾಟವಾಗಲಿಲ್ಲ. ಎಲ್ಲ ಮನೆಗಳಲ್ಲೂ ನಮ್ಮವ್ವನಂಥವರು ಇದ್ದಿರಬೇಕು! ಇಪ್ಪತ್ತು ವರ್ಷಗಳ ನಂತರ, ೨೦೦೨ರ ಸುಮಾರಿಗೆ, ಹಳೆಯ ಹಿಂದಿ ಸಿನಿಮಾ ರೆಕಾರ್ಡು ಹುಡುಕುತ್ತ ಬಂದಿದ್ದ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ದೆಹಲಿಯ ಅಂಗಡಿಯೊಂದರಲ್ಲಿ ಇದರ ಪ್ರತಿ ಸಿಕ್ಕಿತು. ಅವರು ಅದನ್ನು ಕಪಾಟಿನಲ್ಲಿಟ್ಟು ಸುಮ್ಮನಾಗಲಿಲ್ಲ. ಮುಂಬಯಿಯಲ್ಲಿ ಸಿಂಗ್ ಅವರನ್ನು ಹುಡುಕಿ ಕಂಡು, ೨೦೧೦ರಲ್ಲಿ ರೆಕಾರ್ಡನ್ನು ಮತ್ತೆ ಅಚ್ಚು ಹಾಕಿಸಿದರು. ಎಪ್ಪತ್ತು ದಾಟಿದ ಸಿಂಗ್ ಯೂರೋಪಿನ ವೇದಿಕೆಗಳಲ್ಲಿ ಅದೇ ಯಂತ್ರಗಳೊಡನೆ ನಿಂತು ನುಡಿಸಿದರು. ೨೦೧೫ರಲ್ಲಿ ತೀರಿಕೊಂಡರು.

೧೯೮೭ರಲ್ಲಿ ಶಿಕಾಗೋದ ಹುಡುಗರು ಅದೇ ೩೦೩ ಯಂತ್ರ ಬಳಸಿ 'ಆಸಿಡ್ ಹೌಸ್' ಎಂಬ ಹೊಸ ಕುಣಿತದ ಸಂಗೀತ ಹುಟ್ಟಿಸಿದರು. ಸಿಂಗ್ ಅದನ್ನು ಐದು ವರ್ಷ ಮೊದಲೇ ಮಾಡಿದ್ದರು ಎಂದು ಪಶ್ಚಿಮದವರು ಹೊಗಳುತ್ತಾರೆ. ಈ ಹೊಗಳಿಕೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅವರ ಗಜಕಡ್ಡಿಯಲ್ಲಿ ಅಳೆದು ಉದ್ದ ಎಂದರೆ, ನಮ್ಮ ಬಟ್ಟೆಯ ನೇಯ್ಗೆ ಹೇಗಿದೆ ಎಂಬ ಮಾತು ಹಾಗೇ ಉಳಿಯುತ್ತದೆ.

ನೇಯ್ಗೆಯನ್ನೇ ನೋಡೋಣ. ನಮ್ಮೂರ ಕಛೇರಿಗಳು ಭೈರವಿಯಿಂದ ಮುಗಿಯುತ್ತವೆ. ಈ ರೆಕಾರ್ಡು ಭೈರವಿಯಿಂದ ಶುರುವಾಗುತ್ತದೆ. ಅದರ ಬೆನ್ನಿಗೆ ಬೆಳಗಿನ ಲಲಿತ, ಅದರ ಬೆನ್ನಿಗೆ ರಾತ್ರಿಯ ಭೂಪಾಲಿ. ಹೊತ್ತಿನ ಹಂಗಿಲ್ಲ. ಒಂದೊಂದು ರಾಗಕ್ಕೆ ಸುಮಾರು ಐದು ನಿಮಿಷ. ವಿಸ್ತಾರವಾದ ಆಲಾಪಕ್ಕೆ ಎಡೆಯೇ ಇಲ್ಲ. ತಬಲಾದವರು ಸಮ್ಮಿಗೆ ಬಂದಾಗ ಗಾಯಕರ ಮುಖ ನೋಡಿ ನಗುತ್ತಾರಲ್ಲ, ಆ ನಗೆ ಇಲ್ಲಿಲ್ಲ. ಯಂತ್ರಕ್ಕೆ ದಣಿವೂ ಇಲ್ಲ, ಸಂತೋಷವೂ ಇಲ್ಲ. ಹತ್ತು ರಾಗಗಳನ್ನೂ ಒಂದೇ ಕೂಡುವಿಕೆಗೆ ಕೇಳಿದರೆ ತಲೆ ಭಾರವಾಗುತ್ತದೆ ಎಂಬುದನ್ನು ಮುಚ್ಚಿಡಲಾರೆ.

ಆದರೂ ಎರಡನೆಯ ಬದಿಯ ಮೊದಲ ರಾಗ, ಮೇಘಮಲ್ಹಾರ, ಹೊರಗೆ ಮಳೆ ಹಿಡಿದ ಒಂದು ಸಂಜೆ ನನ್ನನ್ನು ಹಿಡಿದು ಕೂರಿಸಿತು. ತಂಬೂರಿ ಏನು ಮಾಡುತ್ತದೆ? ಅದೇ ನಾಲ್ಕು ತಂತಿಗಳನ್ನು ಮತ್ತೆ ಮತ್ತೆ ಮೀಟುತ್ತದೆ. ಮೀಟಿದ್ದನ್ನೇ ಮೀಟುವುದರಿಂದಲೇ ಹಾಡುವವರಿಗೆ ನಿಲ್ಲಲು ನೆಲ ಸಿಗುತ್ತದೆ. ಸಿಂಗ್ ಆ ಯಂತ್ರದ ಪುನರಾವರ್ತನೆಯಲ್ಲಿ ತಂಬೂರಿಯನ್ನು ಕಂಡರು ಎಂದು ನನಗೆ ಅನ್ನಿಸಿತು. ೩೦೩ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಅನುಕೂಲವೂ ಇದೆ. ನಮ್ಮ ಮೀಂಡಿನ ಬಡ ತಂಗಿ ಎನ್ನಿ. ಡೆನ್ನಿಯವರು ತಾವು ಹೋಗದ ಊರಿನ ವೇಷ ಹಾಕಿದರು. ಸಿಂಗ್ ಪರದೇಶದ ಪಾತ್ರೆ ತಂದು ಮನೆಯ ಅಡಿಗೆ ಮಾಡಿದರು. ಉಪ್ಪು ಹೆಚ್ಚು ಕಡಿಮೆ ಆಗಿರಬಹುದು, ಅಡಿಗೆ ಮಾತ್ರ ಮನೆಯದೇ.

ವೈನಿ ಅಂದ ಆ 'ಹೆಸರಿನ' ಮಾತು ನನ್ನನ್ನು ಬಿಡಲಿಲ್ಲ. ಯಂತ್ರದಿಂದ ಸಂಗೀತ ಹುಟ್ಟಿಸಿದ ಮೊದಲಿಗರಲ್ಲಿ ಹೆಂಗಸರೇ ಇರಲಿಲ್ಲವೇ? ಹುಡುಕಿ ಓದಿದೆ. ಇದ್ದರು. ಇಂಗ್ಲೆಂಡಿನ ಡೀಲಿಯಾ ಡರ್ಬಿಷೈರ್ ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಸಂಗೀತ ಓದಿದವರು. ಕೆಲಸ ಕೇಳಿಕೊಂಡು ಹೋದಾಗ ಒಂದು ದೊಡ್ಡ ರೆಕಾರ್ಡ್ ಕಂಪನಿ, ಮುದ್ರಣದ ಕೋಣೆಗೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂದಿತು. ಬಿ.ಬಿ.ಸಿ. ಸೇರಿ, ೧೯೬೩ರಲ್ಲಿ 'ಡಾಕ್ಟರ್ ಹೂ' ಎಂಬ ಟಿ.ವಿ. ಧಾರಾವಾಹಿಗೆ ಶೀರ್ಷಿಕೆ ಸಂಗೀತ ಮಾಡಿದರು. ಆಗ ಕೀಲಿಮಣೆಯ ಸಿಂಥೆಸೈಜರ್ ಅವರ ಕೈಗೆ ಬಂದಿರಲಿಲ್ಲ. ಒಂದೊಂದು ಸ್ವರವನ್ನೂ ಬೇರೆ ಬೇರೆ ಟೇಪಿನಲ್ಲಿ ಹಿಡಿದು, ಬ್ಲೇಡಿನಿಂದ ಕತ್ತರಿಸಿ, ಒಂದಕ್ಕೊಂದು ಅಂಟಿಸಿ, ನಮ್ಮ ಅಜ್ಜಿಯರು ಕೌದಿ ಹೊಲಿದ ಹಾಗೆ ಹೊಲಿದರು. ಧಾಟಿ ರಾನ್ ಗ್ರೇನರ್ ಅವರದು. ಡೀಲಿಯಾರ ಹೆಸರನ್ನೂ ಸೇರಿಸಬೇಕೆಂದು ಅವರೇ ಬಯಸಿದರು, ಸಂಸ್ಥೆಯ ನಿಯಮ ಒಪ್ಪಲಿಲ್ಲ. ಡೀಲಿಯಾ ೨೦೦೧ರಲ್ಲಿ ತೀರಿಕೊಂಡರು. ಅವರ ಮನೆಯ ಅಟ್ಟದಲ್ಲಿ ಉಪಾಹಾರದ ಖಾಲಿ ಡಬ್ಬಿಗಳಲ್ಲಿ ೨೬೭ ಟೇಪುಗಳು ಸಿಕ್ಕವು. ಅವು ಈಗ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಶ್ರಯದಲ್ಲಿವೆ. ಪರದೆಯ ಮೇಲೆ ಅವರ ಹೆಸರು ಕಾಣಿಸಿಕೊಂಡದ್ದು ೨೦೧೩ರಲ್ಲಿ, ಧಾರಾವಾಹಿಗೆ ಐವತ್ತು ತುಂಬಿದಾಗ.

ದೂರದ ಮಾತೇಕೆ? ೧೯೬೯ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಎಂಬ ಸಿಂಥೆಸೈಜರ್ ಬಂತು. ಅಮೆರಿಕದ ಡೇವಿಡ್ ಟ್ಯೂಡರ್ ಅದನ್ನು ಸಜ್ಜುಗೊಳಿಸಿದರು. ಅಲ್ಲಿ ಸಂಗೀತ ಮಾಡಿದವರಲ್ಲಿ ಪಖವಾಜ್ ಕಲಿತ ಗೀತಾ ಸಾರಾಭಾಯಿ ಒಬ್ಬರು. ಆ ಟೇಪುಗಳು ಸಂಸ್ಥೆಯಲ್ಲೇ ದಶಕಗಳ ಕಾಲ ಮಲಗಿದ್ದವು. ಪಾಲ್ ಪುರ್ಗಾಸ್ ಎಂಬ ಬ್ರಿಟಿಷ್ ಕಲಾವಿದರು ಅವನ್ನು ಹುಡುಕಿ ತೆಗೆದ ಮೇಲೆ, ೨೦೨೩ರಲ್ಲಿ ರೆಕಾರ್ಡಾಗಿ ಹೊರಬಂದವು. ನಮ್ಮವ್ವ ಗಿರಣಿ ಎಂದು ನಗುವ ಮೊದಲೇ ನಮ್ಮ ದೇಶದ ಒಬ್ಬ ಹೆಣ್ಣುಮಗಳು ಆ ಗಿರಣಿಯಲ್ಲಿ ಏನು ಬೀಸಬಹುದೆಂದು ನೋಡಿದ್ದಳು. ಅದು ನಮಗೆ ತಿಳಿಯಲು ಐವತ್ತು ವರ್ಷ ಹಿಡಿಯಿತು.

ಇವೆಲ್ಲ ಉಳಿದದ್ದು ಯಾರೋ ಎತ್ತಿಟ್ಟಿದ್ದರಿಂದ, ನಿಜ. ಆದರೆ ಎತ್ತಿಟ್ಟದ್ದರಿಂದ ಮಾತ್ರ ಅಲ್ಲ. ಅಟ್ಟದ ಡಬ್ಬಿಯನ್ನು ಯಾರೋ ಇಳಿಸಿದರು, ತೆರೆದರು, ಇನ್ನೊಬ್ಬರನ್ನು ಕರೆದು ಕೇಳಿಸಿದರು. ಕೂಡಿಡುವುದು ಅರ್ಧ ಕೆಲಸ. ಅಣ್ಣ ಆ ಅರ್ಧವನ್ನು ಬಹಳ ಪ್ರೀತಿಯಿಂದ ಮಾಡಿದ. ಉಳಿದರ್ಧ ಅವನಿಂದಾಗಲಿಲ್ಲ. ಅದರಲ್ಲಿ ನಮ್ಮ ನಗೆಯ ಪಾಲೂ ಇದೆ.

ಕಳೆದ ವರ್ಷ ಒಬ್ಬರು ಸಂಗ್ರಾಹಕರು ಮನೆಗೆ ಬಂದರು. ಸಿಂಗ್ ಅವರ ೧೯೮೨ರ ಮೂಲ ಪ್ರತಿ ನಮ್ಮಲ್ಲಿದೆ ಎಂದು ಅವರಿಗೆ ಹೇಗೋ ತಿಳಿದಿತ್ತು. ಅವರು ಹೇಳಿದ ಬೆಲೆ ವೈನಿಯ ಒಂದು ತಿಂಗಳ ಪಿಂಚಣಿಗಿಂತ ಹೆಚ್ಚು. ಹಿತ್ತಲ ಕೋಣೆಯ ಮಾಳಿಗೆ ಸೋರುತ್ತಿದೆ, ದುಡ್ಡು ಬೇಡವಾಗಿರಲಿಲ್ಲ. ನಾನು ಸುಮ್ಮನಿದ್ದೆ. ವೈನಿ ಚಹಾ ಕೊಟ್ಟು ಕೇಳಿದರು, "ಒಯ್ದು ಏನ ಮಾಡ್ತೀರಿ?" ಅವರು ಬಹಳ ಮರ್ಯಾದೆಯಿಂದ, ಗಾಜಿನ ಕಪಾಟಿನಲ್ಲಿ ದೂಳು ತಾಗದಂತೆ ಇಡುವುದಾಗಿ ಹೇಳಿದರು.

"ಮೂವತ್ತೈದು ವರ್ಷ ಕಪಾಟಿನಾಗs ಇತ್ತರಿ. ಇನ್ನ ಸಾಕು," ಎಂದರು ವೈನಿ.

ಮಾಳಿಗೆಯ ಕೆಳಗೆ ಬಕೆಟ್ಟು ಇಟ್ಟಿದ್ದೇವೆ. ಈಗ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಓಣಿಯ ಆರೇಳು ಹೆಂಗಸರು ನಡುಮನೆಯಲ್ಲಿ ಸೇರುತ್ತೇವೆ. ಒಬ್ಬರು ಬತ್ತಿ ಹೊಸೆಯುತ್ತಾರೆ, ಒಬ್ಬರು ಸೊಪ್ಪು ಬಿಡಿಸುತ್ತಾರೆ. ರೆಕಾರ್ಡು ಹಾಕುವುದು ವೈನಿಯೇ. ಮೊದಲ ದಿನ ಮುಳ್ಳು ಇಡುವಾಗ ಅವರ ಕೈ ನಡುಗಿ ಕರ್ರ್ ಎಂದು ಸಪ್ಪಳವಾಯಿತು, ಸಣ್ಣ ಗೆರೆಯೂ ಬಿತ್ತು. ಗಾಬರಿಯಿಂದ ಅಣ್ಣನ ಫೋಟೋದ ಕಡೆ ನೋಡಿದರು. ಆ ಗೆರೆ ಮೇಘಮಲ್ಹಾರದಲ್ಲಿದೆ. ಪ್ರತಿ ಸಲ ಅಲ್ಲಿಗೆ ಬಂದಾಗ 'ಟಕ್' ಎನ್ನುತ್ತದೆ. ಈಗ ನಮಗೆಲ್ಲ ಅದು ರೂಢಿಯಾಗಿದೆ.