ಪೋಸ್ಟರ್‌ಗಿಂತ ಮೊದಲು ಬಿಲ್ ಬುಕ್

ಕನ್ನಡ ಪುಸ್ತಕ ಕೈಗೆತ್ತಿಕೊಂಡವರು ಮುಖಪುಟ ನೋಡುತ್ತಾರೆ, ಬೆನ್ನುಡಿ ಓದುತ್ತಾರೆ, ಬೆಲೆ ನೋಡಿ ಹುಬ್ಬೇರಿಸುತ್ತಾರೆ. ಒಳಗೆ ಹಕ್ಕುಗಳ ವಿವರದ ಆಸುಪಾಸಿನಲ್ಲಿ ಪುಟ್ಟ ಅಕ್ಷರದಲ್ಲಿ ಕೂತಿರುವ ಸಾಲೊಂದನ್ನು ಮಾತ್ರ ಯಾರೂ ಓದುವುದಿಲ್ಲ: ಬಳಸಿದ ಕಾಗದ 70 ಜಿ.ಎಸ್.ಎಂ. ಮ್ಯಾಪ್ಲಿಥೊ, ಆಕಾರ 1/8 ಡೆಮಿ. ಬೆಂಗಳೂರಿನ ಕಾಲೇಜೊಂದರಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿರುವ ಹುಡುಗಿಯೊಬ್ಬಳು ಈಗ ಯಾವ ಪುಸ್ತಕ ಸಿಕ್ಕರೂ ಮೊದಲು ತೆರೆಯುವುದು ಆ ಪುಟವನ್ನೇ. ಕಾಟನ್‌ಪೇಟೆಯ ಮುದ್ರಣಾಲಯವೊಂದಕ್ಕೆ ಕೆಲಸ ಕಲಿಯಲು ಹೋದ ಮೇಲೆ ಅಂಟಿದ ಚಾಳಿ ಇದು.

ಅವಳು ಹೋದದ್ದು ಪೋಸ್ಟರ್ ಮಾಡುವ ಆಸೆಯಿಂದ. ಕೈಗೆ ಬಂದದ್ದು ಹಾರ್ಡ್‌ವೇರ್ ಅಂಗಡಿಯ ಬಿಲ್ ಬುಕ್.

ವಿನ್ಯಾಸ ಶಾಲೆಗಳಲ್ಲಿ ಬಿಲ್ ಬುಕ್ಕಿಗೆ ಮರ್ಯಾದೆ ಕಡಿಮೆ. ಅದರಲ್ಲಿ ಚಿತ್ರವಿಲ್ಲ, ಬಣ್ಣದ ಬೆಡಗಿಲ್ಲ, ಪೋರ್ಟ್‌ಫೋಲಿಯೊದಲ್ಲಿ ಮೆರೆಸುವಂಥದ್ದು ಏನೂ ಇಲ್ಲ. ಈ ಅಂಕಣದ ಅಭಿಪ್ರಾಯ ಕೇಳಿದರೆ ಪಠ್ಯಕ್ರಮವೇ ತಲೆಕೆಳಗಾಗಿದೆ. ಪೋಸ್ಟರ್ ಉದಾರಿ, ಹತ್ತಡಿ ದೂರದಿಂದ ನೋಡುವವರಿಗೆ ಅರ್ಧ ಮಿಲಿಮೀಟರ್ ಆಚೀಚೆಯಾದದ್ದು ಕಾಣುವುದೇ ಇಲ್ಲ. ಬಿಲ್ ಬುಕ್ ದಿನಕ್ಕೆ ಐವತ್ತು ಸಲ ಬಳಕೆಯಾಗುವ ವಸ್ತು, ಅದರ ಮೇಲೆ ಕಾನೂನಿನ ಕಣ್ಣೂ ಇದೆ. ಸರಕು ಮಾರುವವರು ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ಲಿನ ಮೂರು ಪ್ರತಿ ಮಾಡಬೇಕು: ಮೂಲ ಪ್ರತಿ ಕೊಂಡವರಿಗೆ, ಎರಡನೆಯದು ಸಾಗಣೆದಾರರಿಗೆ, ಮೂರನೆಯದು ಮಾರಿದವರಿಗೆ. ಯಾವ ಪ್ರತಿ ಯಾರದೆಂದು ಅದರ ಮೇಲೆಯೇ ಅಚ್ಚಾಗಿರಬೇಕು. ಜಿಎಸ್‌ಟಿ ನೋಂದಣಿ ಸಂಖ್ಯೆಗೆ 15 ಮನೆಗಳು ಬೇಕು. ಬಿಲ್ಲಿನ ಕ್ರಮಸಂಖ್ಯೆ 16 ಅಕ್ಷರ ಮೀರುವಂತಿಲ್ಲ, ಒಂದೇ ಆರ್ಥಿಕ ವರ್ಷದಲ್ಲಿ ಎರಡು ಸಲ ಬರುವಂತಿಲ್ಲ. ಇಷ್ಟನ್ನೂ ಅಂಗೈಯಗಲದ ಹಾಳೆಯಲ್ಲಿ ಕೂರಿಸಿ, ಮೊಳೆ ಬೋಲ್ಟುಗಳ ಪಟ್ಟಿ ಬರೆಯಲು ಜಾಗವನ್ನೂ ಉಳಿಸಬೇಕು.

ಹುಡುಗಿ ಮೊದಲು ಮಾಡಿಕೊಟ್ಟ ಕಡತದಲ್ಲಿ ಗೆರೆಗಳು ಬಲು ನಾಜೂಕಾಗಿದ್ದವು. ಲ್ಯಾಪ್‌ಟಾಪಿನಲ್ಲಿ ಚೆಂದ. ಆದರೆ ಸಾಫ್ಟ್‌ವೇರಿಗೆ ‘ಅತಿ ತೆಳು’ ಎಂದಷ್ಟೇ ಹೇಳಿಬಿಟ್ಟರೆ, ಪ್ಲೇಟ್ ತೆಗೆಯುವ ಯಂತ್ರ ತನ್ನ ಒಂದು ಚುಕ್ಕೆಯಷ್ಟೇ ದಪ್ಪದ ಗೆರೆ ಎಳೆಯಬಹುದು. 2400 ಡಿಪಿಐ ಯಂತ್ರದಲ್ಲಿ ಅದು ಮಿಲಿಮೀಟರಿನ ನೂರನೇ ಒಂದು ಭಾಗ. ಕಾಗದ ತಲುಪುವಷ್ಟರಲ್ಲಿ ಅದು ಅಲ್ಲಲ್ಲಿ ಮಾಯ. ಕಾಲು ಪಾಯಿಂಟಿಗಿಂತ ತೆಳುವಾದ ಗೆರೆ ಬೇಡವೆಂಬ ಪ್ರೆಸ್ಸಿನವರ ಮಾತು ಇಂಥ ಅನುಭವದಿಂದ ಬಂದದ್ದು. ಇನ್ನು ಸಾಲುಗಳ ನಡುವಿನ ಅಂತರ. ಅದು ಅಂಗಡಿಯವರ ಬಾಲ್ ಪೆನ್ನಿಗೆ, ಅವಸರದ ಕೈಬರಹಕ್ಕೆ ಒಗ್ಗಬೇಕು. ಏಳೆಂಟು ಮಿಲಿಮೀಟರಾದರೂ ಇಲ್ಲದಿದ್ದರೆ ಮೇಲಿನ ಸಾಲಿನ ಬಾಲ ಕೆಳಗಿನ ಸಾಲಿನ ತಲೆಗೆ ಸಿಕ್ಕಿಕೊಳ್ಳುತ್ತದೆ. ಹೊಲಿಗೆಯ ಕಡೆ ಜಾಗ ಬಿಡಬೇಕು, ಹರಿಯುವ ತೂತುಸಾಲಿಗೆ ಜಾಗ ಬಿಡಬೇಕು, ಯಂತ್ರದ ಗ್ರಿಪ್ಪರ್ ಹಾಳೆಯನ್ನು ಕಚ್ಚಿಕೊಳ್ಳುವ ಅಂಚಿಗೂ ಜಾಗ ಬಿಡಬೇಕು. ಬಿಡುವ ಜಾಗಗಳನ್ನು ಮೊದಲು ಗುರುತು ಮಾಡಿಕೊಂಡು ಆಮೇಲೆ ಉಳಿದದ್ದರಲ್ಲಿ ವಿನ್ಯಾಸ ಮಾಡುವ ಈ ಕ್ರಮ ಕಾಲೇಜಿನಲ್ಲಿ ಯಾರೂ ತನಗೆ ಹೇಳಿರಲಿಲ್ಲ ಎಂಬುದು ಅವಳ ದೂರು. ದೂರು ನ್ಯಾಯವಾದದ್ದೇ.

ಕಾಗದದ ವಿಷಯ ಇನ್ನೂ ಸ್ವಾರಸ್ಯದ್ದು. ಬಿಳಿ, ಗುಲಾಬಿ, ಹಳದಿ ಹಾಳೆಗಳ ನಡುವೆ ಈಗ ಕಾರ್ಬನ್ ಇಡುವುದಿಲ್ಲ. ಮೇಲಿನ ಹಾಳೆಯ ಬೆನ್ನಿಗೆ ಬಣ್ಣರಹಿತ ದ್ರವ ತುಂಬಿದ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳ ಲೇಪ, ಕೆಳಗಿನ ಹಾಳೆಯ ಮುಖಕ್ಕೆ ಅದನ್ನು ಹೀರಿ ಬಣ್ಣ ತಳೆಯುವ ಇನ್ನೊಂದು ಲೇಪ. ಪೆನ್ನಿನ ಒತ್ತಡಕ್ಕೆ ಗುಳ್ಳೆ ಒಡೆದು ಅಕ್ಷರ ಮೂಡುತ್ತದೆ. ನಡುವಿನ ಹಾಳೆಗೆ ಎರಡೂ ಕಡೆ ಎರಡು ಬಗೆಯ ಲೇಪ ಇರುವುದರಿಂದ ಜೋಡಿಸುವಾಗ ಕ್ರಮ ತಪ್ಪಿದರೆ ಇಡೀ ಪುಸ್ತಕ ರದ್ದಿ. ನೋಡಲು ಎಲ್ಲ ಸರಿಯಾಗಿಯೇ ಇರುತ್ತದೆ, ಬರೆದಾಗಲಷ್ಟೇ ಬಣ್ಣ ಬಯಲು.

ಲೆಕ್ಕ ಬಾರದವರಿಗೆ ಮುದ್ರಣದಲ್ಲಿ ನೆಮ್ಮದಿ ಇಲ್ಲ. ಡೆಮಿ ಹಾಳೆಯನ್ನು ಮೂರು ಸಲ ಮಡಚಿದರೆ 8 ಹಾಳೆ, ಎರಡೂ ಬದಿ ಸೇರಿ 16 ಪುಟ, ಅದೇ ಒಂದು ಫಾರಂ. ಅಂಚು ಕತ್ತರಿಸಿದ ಮೇಲೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ: ನಮ್ಮ ಕಥೆ, ಕಾದಂಬರಿ, ಕವನ ಸಂಕಲನಗಳ ಬಹುಪಾಲಿನ ಆಕಾರ. 96 ಪುಟದ ಸಂಕಲನ ಸರಿಯಾಗಿ ಆರು ಫಾರಮ್ಮಿಗೆ ಕೂರುತ್ತದೆ. ಕವಿಗೆ ಕೊನೆಯ ಗಳಿಗೆಯಲ್ಲಿ ಇನ್ನೊಂದು ಪದ್ಯ ನೆನಪಾಗಿ 98 ಆಯಿತೋ, ಪ್ರಕಾಶಕರ ಮುಖ ಗಂಟಾಗುತ್ತದೆ. ಕನ್ನಡ ಸಂಕಲನಗಳ ಕೊನೆಗೆ ಬರುವ ಖಾಲಿ ಪುಟಗಳಿಗೂ ಪ್ರಕಾಶಕರ ಇತರ ಪುಸ್ತಕಗಳ ಪಟ್ಟಿಗೂ ಎಷ್ಟೋ ಸಲ ಈ ಲೆಕ್ಕವೇ ಕಾರಣ.

ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ, 80 ಜಿ.ಎಸ್.ಎಂ. ಆದರೆ ಹಾಳೆಯೊಂದಕ್ಕೆ ಐದು ಗ್ರಾಂ. ಕೈ ಪಳಗಿದ ಬೈಂಡರ್‌ಗಳಿಗೆ ಈ ಲೆಕ್ಕವೂ ಬೇಡ, ಹೆಬ್ಬೆರಳು ತೋರುಬೆರಳಿನ ನಡುವೆ ಹಾಳೆ ಉಜ್ಜಿದರೆ ಸಾಕು. ಕಾಗದಕ್ಕೆ ನಾರಿನ ದಿಕ್ಕೂ ಇದೆ. ದಪ್ಪ ಕಾರ್ಡನ್ನು ನಾರಿಗೆ ಅಡ್ಡಲಾಗಿ ಮಡಚಿದರೆ ಮಡಿಕೆಯ ಉದ್ದಕ್ಕೂ ಶಾಯಿ ಬಿರಿದು ಬಿಳಿ ಕಾಣುತ್ತದೆ. ಮುಖಪುಟದ ಗಾಢ ಬಣ್ಣವನ್ನು ಬೆನ್ನಿನ ಮೇಲೆ ಹಾಯಿಸುವ ವಿನ್ಯಾಸಕರು ಇದನ್ನು ಮರೆತರೆ ಅಂಗಡಿ ಸೇರುವ ಮೊದಲೇ ಪುಸ್ತಕ ಹಳತಾದಂತೆ ತೋರುತ್ತದೆ.

ಆಫ್‌ಸೆಟ್ ಯಂತ್ರದ ಮುಂದೆ ನಿಂತ ಮೊದಲ ದಿನಗಳಲ್ಲಿ ಅವಳನ್ನು ಅತಿ ಹೆಚ್ಚು ಕಾಡಿದ ಪ್ರಶ್ನೆ: ಪ್ಲೇಟ್ ನುಣ್ಣಗಿದೆ, ಉಬ್ಬೂ ಇಲ್ಲ ತಗ್ಗೂ ಇಲ್ಲ, ಮತ್ತೆ ಅಕ್ಷರ ಹೇಗೆ ಮೂಡುತ್ತದೆ? ಎಣ್ಣೆಗೂ ನೀರಿಗೂ ಆಗಿಬರದು ಎಂಬಷ್ಟೇ ಅದರ ಗುಟ್ಟು. ಅಕ್ಷರವಿರುವ ಜಾಗ ಜಿಡ್ಡಿನ ಶಾಯಿಯನ್ನು ಹಿಡಿಯುತ್ತದೆ, ಉಳಿದ ಜಾಗ ನೀರನ್ನು ಹಿಡಿದು ಶಾಯಿಯನ್ನು ದೂರವಿಡುತ್ತದೆ. 1790ರ ದಶಕದ ಕೊನೆಯಲ್ಲಿ ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ ಸುಣ್ಣಕಲ್ಲಿನ ಮೇಲೆ ಕಂಡುಕೊಂಡ ತತ್ವ ಇದು. ನಡುವೆ ರಬ್ಬರ್ ಹೊದಿಕೆ ಬಂದು, ಅಕ್ಷರ ಮೊದಲು ರಬ್ಬರಿಗೂ ಅಲ್ಲಿಂದ ಕಾಗದಕ್ಕೂ ಇಳಿಯುವ ವಿಧಾನ ಕಾಗದದ ಮುದ್ರಣಕ್ಕೆ ಒದಗಿದ್ದು 1904ರ ಸುಮಾರಿಗೆ, ಅಮೆರಿಕದ ಐರಾ ರುಬೆಲ್ ಅವರಿಂದ. ಕನ್ನಡಿಗರಿಗೆ ಇದರಲ್ಲಿ ಒಂದು ನಂಟಿದೆ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಅಚ್ಚಾದದ್ದು ಕಲ್ಲಚ್ಚಿನಲ್ಲಿ, ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಕಾಟನ್‌ಪೇಟೆಯ ಆಫ್‌ಸೆಟ್ ಯಂತ್ರಕ್ಕೆ ಆ ಕಲ್ಲು ಮುತ್ತಜ್ಜಿ. ಮೊಳೆ ಜೋಡಿಸುವ ಲೆಟರ್‌ಪ್ರೆಸ್ ಬೇರೆಯದೇ ವಂಶ.

ಬಣ್ಣದ ಪಾಠ ಸಿಕ್ಕಿದ್ದು ಮದುವೆ ಪತ್ರಿಕೆಯಿಂದ. ಸುಲ್ತಾನ್‌ಪೇಟೆಯ ಅಂಗಡಿಗಳಲ್ಲಿ ಗಣಪತಿ, ಮಾವಿನ ತೋರಣಗಳನ್ನು ಮೊದಲೇ ಅಚ್ಚುಮಾಡಿದ ಕಾರ್ಡುಗಳು ಸಾಲಾಗಿ ಸಿಗುತ್ತವೆ, ಒಳಗಿನ ಒಕ್ಕಣೆಯನ್ನು ಆಮೇಲೆ ಹಾಕಿಸುವುದು ರೂಢಿ. ಅಲ್ಲಿ ಕಪ್ಪು ಶಾಯಿ ನಡೆಯುವುದಿಲ್ಲ. ಕಪ್ಪು ವೈಕುಂಠ ಸಮಾರಾಧನೆಯ ಕಾಗದಕ್ಕೆ. ಮದುವೆಗೆ ಕಡುಗೆಂಪು, ಹಸಿರು, ನೀಲಿ, ಕೈ ಬಿಚ್ಚಿ ಖರ್ಚು ಮಾಡುವವರಿಗೆ ಚಿನ್ನದ ಬಣ್ಣ. ಹುಡುಗಿ ಕಡುಗೆಂಪನ್ನು ಎಂದಿನಂತೆ ಸಯಾನ್, ಮೆಜೆಂಟಾ, ಹಳದಿ, ಕಪ್ಪುಗಳ ಮಿಶ್ರಣವಾಗಿ ಕೊಟ್ಟಳು. ಮೆಷಿನ್‌ಮ್ಯಾನ್ ಭೂತಗನ್ನಡಿಯನ್ನು ಅವಳ ಕೈಗಿತ್ತು ಹಳೆಯದೊಂದು ಪತ್ರಿಕೆ ತೋರಿಸಿದ. ನಾಲ್ಕು ಬಣ್ಣದಲ್ಲಿ ಬಂದ ಕಡುಗೆಂಪು ಅಕ್ಷರ ಒಳಗೆಲ್ಲ ಚುಕ್ಕೆ. ‘ಠ’ದ ಅಂಚು ಗರಗಸ, ‘ಕ್ಷ್ಮಿ’ಯ ಒತ್ತಿನ ಒಳಗಣ್ಣು ಮುಚ್ಚಿಹೋಗಿತ್ತು. ಪಕ್ಕದಲ್ಲಿದ್ದ ಇನ್ನೊಂದು ಪತ್ರಿಕೆಯದು ಒಂದೇ ಡಬ್ಬಿಯ ಶಾಯಿ, ಒಂದೇ ಪ್ಲೇಟ್. ಅಕ್ಷರ ಕೊರೆದಿಟ್ಟಂತೆ ಚೊಕ್ಕ.

ನಾಲ್ಕು ಬಣ್ಣದ ಮುದ್ರಣವೆಂದರೆ ನಾಲ್ಕು ಚುಕ್ಕೆಜಾಲಗಳನ್ನು ಬೇರೆ ಬೇರೆ ಕೋನದಲ್ಲಿ ಒಂದರ ಮೇಲೊಂದು ಹಾಸುವುದು: ವಾಡಿಕೆಯಂತೆ ಸಯಾನ್ 15, ಮೆಜೆಂಟಾ 75, ಹಳದಿ 0, ಕಪ್ಪು 45 ಡಿಗ್ರಿ. 45 ಡಿಗ್ರಿಯ ಜಾಲವನ್ನು ಕಣ್ಣು ಅಷ್ಟಾಗಿ ಗಮನಿಸದು, ಹಾಗಾಗಿ ಎಲ್ಲಕ್ಕಿಂತ ಎದ್ದುಕಾಣುವ ಕಪ್ಪಿಗೆ ಆ ಜಾಗ. ಫೋಟೊಗಳಿಗೆ ಇದು ಅದ್ಭುತ ವ್ಯವಸ್ಥೆ, ಸಣ್ಣ ಅಕ್ಷರಗಳಿಗೆ ಅಷ್ಟೇ ಅಪಾಯಕಾರಿ. ಫೋಟೊಶಾಪಿನಲ್ಲಿ ಮಾಮೂಲಿ ಕಪ್ಪನ್ನು ಅದರ ಹಳೆಯ ಅಮೆರಿಕನ್ ಸೆಟ್ಟಿಂಗಿನಲ್ಲಿ ಸಿಎಂವೈಕೆಗೆ ತಿರುಗಿಸಿದರೆ 75, 68, 67, 90 ಎಂದು ನಾಲ್ಕೂ ಶಾಯಿಗಳಿಗೆ ಹಂಚಿಹೋಗುತ್ತದೆ. ಒಟ್ಟು ಶೇ 300. ಆರ್ಟ್ ಪೇಪರ್ ಹೇಗೋ ತಡೆದುಕೊಳ್ಳುತ್ತದೆ, ಪತ್ರಿಕೆಯ ನ್ಯೂಸ್‌ಪ್ರಿಂಟಿಗೆ 240ರ ಆಚೆ ಹೋದರೆ ಹಾಳೆ ಒದ್ದೆಯಾಗಿ ಶಾಯಿ ಹಿಂಬದಿಗೆ ಇಣುಕುತ್ತದೆ. ಅಕ್ಷರಕ್ಕೆ ಬೇಕಿರುವುದು ಬರೀ ಕಪ್ಪು, ಶೇ 100.

ಬಣ್ಣದ ಮಾತು ಬಂದಾಗ ಹೇಳಲೇಬೇಕಾದದ್ದೊಂದಿದೆ. ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟ ಅಚ್ಚಿನವರ ಪಾಲಿಗೆ ವರದಾನ. ಅರಿಶಿನಕ್ಕೆ ಹಳದಿ ಶಾಯಿಯೊಂದೇ ಸಾಕು, ಅದರ ಮೇಲೆ ಪೂರ್ತಿ ಮೆಜೆಂಟಾ ಬಿದ್ದರೆ ಕುಂಕುಮ. ಚುಕ್ಕೆಜಾಲ ಬೇಕಿಲ್ಲ, ಮೂರನೇ ಪ್ಲೇಟ್ ಬೇಕಿಲ್ಲ. ನವೆಂಬರ್ ಬಂದರೆ ಎಷ್ಟೇ ಹಳೆಯ ಎರಡು ಬಣ್ಣದ ಯಂತ್ರವೂ ಈ ಜೋಡಿಯನ್ನು ಧಗಧಗಿಸುವಂತೆ ಹೊರಹಾಕಬಲ್ಲದು.

ಕಡುಗೆಂಪಿನ ಹದಕ್ಕೆ ಬಂದರೆ, 1963ರಲ್ಲಿ ಲಾರೆನ್ಸ್ ಹರ್ಬರ್ಟ್ ಶುರುಮಾಡಿದ ಪ್ಯಾಂಟೋನ್ ಪದ್ಧತಿಯಲ್ಲಿ ಪ್ರತಿ ಬಣ್ಣಕ್ಕೂ ಸಂಖ್ಯೆಯಿದೆ, ಮಿಶ್ರಣದ ಪ್ರಮಾಣವಿದೆ. ಕಾಲೇಜಿನಲ್ಲಿ ಅವಳು ಕಲಿತದ್ದು ಅದು. ಪ್ರೆಸ್ಸಿನಲ್ಲಿ ಆ ಬಣ್ಣದ ಪಟ್ಟಿಯಿಲ್ಲ. ಸಾವಿರಾರು ರೂಪಾಯಿಯ ವಸ್ತು, ಬೆಳಕಿಗೆ ಮಂಕಾಗುವುದರಿಂದ ಆಗಾಗ ಹೊಸದು ಕೊಳ್ಳಬೇಕು. ಮೆಷಿನ್‌ಮ್ಯಾನ್ ಕಲ್ಲಿನ ಮೇಲೆ ಚಾಕುವಿನಿಂದ ಕೆಂಪಿಗೆ ಒಂದಿಷ್ಟು ಕಪ್ಪು, ಒಂದಿಷ್ಟು ನೀಲಿ ಕಲಸಿ, ಬೆರಳ ತುದಿಗೆ ಹಚ್ಚಿ ಅದೇ ಕಾರ್ಡಿನ ತುಂಡಿಗೆ ಒತ್ತಿ ನೋಡುತ್ತಾನೆ. ‘ಅದೇ ಕಾರ್ಡಿನ’ ಎಂಬುದೇ ಮುಖ್ಯ. ಹೊಳಪಿನ ಕಾಗದ ಶಾಯಿಯನ್ನು ಮೇಲೆಯೇ ನಿಲ್ಲಿಸಿಕೊಳ್ಳುತ್ತದೆ, ಒರಟು ಕಾಗದ ಒಳಗೆಳೆದುಕೊಂಡು ಮಂಕು ಮಾಡುತ್ತದೆ. ಒಂದೇ ಶಾಯಿಗೆ ಪ್ಯಾಂಟೋನ್‌ನವರು ಸಿ ಮತ್ತು ಯು ಎಂಬ ಎರಡು ನಮೂನೆ ಕೊಡುವುದು ಈ ಕಾರಣಕ್ಕೇ. ಅವಳಿಗೆ ಪ್ಯಾಂಟೋನ್ ಪಟ್ಟಿ, ಮೆಷಿನ್‌ಮ್ಯಾನ್ ಬೆರಳು ಎರಡೂ ಬೇಕೆನಿಸಿದೆ. ಮುಂದಿನ ವರ್ಷ ಅದೇ ಗಿರಾಕಿ ಅದೇ ಬಣ್ಣ ಕೇಳಿದರೆ ಬೆರಳಿನ ಅಂದಾಜು ಕೈಕೊಡಬಹುದು ಎಂಬ ಅವಳ ವಾದದಲ್ಲೂ ಹುರುಳಿದೆ.

ಕನ್ನಡ ಅಕ್ಷರಗಳ ಪಾಡು ಪ್ರತ್ಯೇಕ ಅಂಕಣಕ್ಕಾಗುವಷ್ಟಿದೆ. ಪ್ರೆಸ್ಸಿನ ಡಿಟಿಪಿ ಕಂಪ್ಯೂಟರಿನಲ್ಲಿ ಇನ್ನೂ ಪೇಜ್‌ಮೇಕರ್ 7 ಉಸಿರಾಡುತ್ತಿದೆ. 2001ರಲ್ಲಿ ಬಂದ ಆ ಆವೃತ್ತಿಯೇ ಕೊನೆಯದು, ಅದಕ್ಕೆ ಯೂನಿಕೋಡ್ ಕನ್ನಡ ಅರ್ಥವಾಗದು. ಅಲ್ಲಿ ಶ್ರೀಲಿಪಿ ಇಲ್ಲವೇ ನುಡಿಯ ಹಳೆಯ ಫಾಂಟುಗಳೇ ಗತಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಆದ್ದರಿಂದ ಪ್ರೆಸ್ಸಿನವರ ಮೊದಲ ಬೇಡಿಕೆ: ಕರ್ವ್ ಮಾಡಿ ಕೊಡಿ. ಅಕ್ಷರವನ್ನು ಆಕೃತಿಯಾಗಿ ಮಾರ್ಪಡಿಸಿದರೆ ಯಾವ ಯಂತ್ರದಲ್ಲೂ ಕೆಡುವುದಿಲ್ಲ. ತೊಡಕೆಂದರೆ ಆಮೇಲೆ ತಿದ್ದಲೂ ಬರುವುದಿಲ್ಲ. ಸೋದರಮಾವನ ಹೆಸರು ಬಿಟ್ಟುಹೋಗಿದ್ದು ಪ್ಲೇಟ್ ಬಂದ ಮೇಲೆ ಕಂಡರೆ ಪ್ಲೇಟಿನ ದುಡ್ಡೂ ಹೋಯಿತು, ಬಳಗದ ಸಾಮರಸ್ಯವೂ ಹೋಯಿತು. ಸಾಲಂತರದ ವಿಷಯದಲ್ಲೂ ಇಂಗ್ಲಿಷಿನ ಅಭ್ಯಾಸ ಇಲ್ಲಿ ನಡೆಯದು. ಅಲ್ಲಿ 11 ಪಾಯಿಂಟಿಗೆ 13 ಸಾಕಾದರೆ, ಕನ್ನಡದಲ್ಲಿ 16 ಕೊಟ್ಟರೂ ‘ರಾಷ್ಟ್ರ’ದ ಎರಡಂತಸ್ತಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತಾಗುವ ಸಂದರ್ಭ ಇದ್ದೇ ಇರುತ್ತದೆ.

ಹಾರ್ಡ್‌ವೇರ್ ಅಂಗಡಿಯ ಬಿಲ್ ಬುಕ್ ಕೊನೆಗೆ ಹೋದದ್ದು ಮೂಲೆಯಲ್ಲಿದ್ದ ಹಳೆಯ ಲೆಟರ್‌ಪ್ರೆಸ್ಸಿಗೆ. ಕಾಫಿ ಹೋಟೆಲುಗಳಲ್ಲೂ ಕಚೇರಿಗಳಲ್ಲೂ ಇಂಥ ಯಂತ್ರಗಳನ್ನು ಬಣ್ಣ ಬಳಿದು ಅಲಂಕಾರಕ್ಕಿಡುವ ಹುಚ್ಚು ಈಗ ಇದೆ. ಪೇಟೆಯಲ್ಲಿ ಅವು ಬಾಡಿಗೆ ದುಡಿಯುತ್ತಿವೆ. ಆಫ್‌ಸೆಟ್ ಕಾಗದವನ್ನು ಮುಟ್ಟಿಯೂ ಮುಟ್ಟದಂತೆ ಸವರುತ್ತದೆ, ಅದರಲ್ಲಿ ಪೆಟ್ಟಿಲ್ಲ. ಕಾರ್ಡಿಗೆ ಮಡಿಕೆಗೆರೆ ಒತ್ತಲು, ತೂತುಸಾಲು ಕೊರೆಯಲು, ಡೈ ಕತ್ತರಿಸಲು ಪೆಟ್ಟೇ ಬೇಕು. ಕ್ರಮಸಂಖ್ಯೆಗೂ ಅಷ್ಟೆ: ಉಕ್ಕಿನ ಚಕ್ರಗಳಿರುವ ಪುಟ್ಟ ನಂಬರಿಂಗ್ ಪೆಟ್ಟಿಗೆ ಪ್ರತಿ ಒತ್ತಿಗೂ ತಾನಾಗಿ ಒಂದು ಅಂಕಿ ಮುಂದೆ ಹೋಗುತ್ತದೆ. ಬಿಳಿ, ಗುಲಾಬಿ, ಹಳದಿ ಹಾಳೆಗಳನ್ನು ಒಟ್ಟಿಗಿಟ್ಟು ಒಂದೇ ಪೆಟ್ಟು ಕೊಟ್ಟರೆ ಮೇಲಿನದಕ್ಕೆ ಶಾಯಿಯಲ್ಲೂ ಕೆಳಗಿನ ಎರಡಕ್ಕೆ ಗುಳ್ಳೆ ಒಡೆದ ಬಣ್ಣದಲ್ಲೂ ಅದೇ ಸಂಖ್ಯೆ ಬೀಳುತ್ತದೆ. ಮೂರರಲ್ಲೂ ಸಂಖ್ಯೆ ಒಂದೇ ಎಂಬ ಖಾತರಿ, ಹಾಳೆಗಳ ಕ್ರಮ ಸರಿಯಿದೆಯೇ ಎಂಬ ಪರೀಕ್ಷೆ, ಎರಡೂ ಒಂದೇ ಏಟಿಗೆ.

ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಹೊರಳುವುದರಿಂದ ಹೊಸ ಸರಣಿಯ ಬಿಲ್ ಬುಕ್ಕುಗಳ ಬೇಡಿಕೆ ಮಾರ್ಚಿನಲ್ಲಿ ಏರುತ್ತದೆ. ಕಾಲೇಜಿನ ವರ್ಷಾಂತ್ಯದ ಪ್ರದರ್ಶನದ ಸಿದ್ಧತೆಯೂ ಅದೇ ಹೊತ್ತಿಗೆ. ಹುಡುಗಿ ಪ್ರದರ್ಶನಕ್ಕೆ ಮೂರು ಬಿಲ್ ಬುಕ್ಕುಗಳನ್ನೇ ಇಡುವುದಾಗಿ ಹೇಳಿದ್ದಾಳೆ, ನೋಡಲು ಬಂದವರು ಬರೆದು ಹರಿದುಕೊಂಡು ಹೋಗುವಂತೆ ಪಕ್ಕದಲ್ಲೊಂದು ಪೆನ್ನೂ ಇರುತ್ತದಂತೆ. ಅಧ್ಯಾಪಕರು ಇನ್ನೂ ಒಪ್ಪಿಲ್ಲ.